ಶುಭಂ ಆದಮೇಲೆ

“ನನ್ನ ಎರಡು ಕಣ್ಣಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ,” ಅಂದೆ.

ಷಡ್ಡಕ ತಲೆ ಎತ್ತಲಿಲ್ಲ. ಅವನದು ಸೀಟು ಹೊಲಿಯುವ ಅಂಗಡಿ. ತೊಡೆಯ ಮೇಲೆ ರೆಕ್ಸಿನ್ ಹರಡಿಕೊಂಡು ದಬ್ಬಣ ತೂರಿಸುತ್ತಿದ್ದ.

“ಹೇಳಿ ಭಾವ. ಪರದೆ ಮೇಲಿನ ಮಳೆಗೆ ಮುಂದಿನ ಸಾಲಿನವರು ನೆಂದುಹೋದ್ರು ಅಂದಾಗ್ಲೂ ಕಣ್ಣಾಣೇನೇ ಇಟ್ಟಿದ್ರಿ.”

ಅದೂ ನಿಜವೇ. ಆದರೆ ಅದನ್ನು ಸಾಧಿಸುವ ಹೊತ್ತು ಇದಾಗಿರಲಿಲ್ಲ. ಇವನು ನಂಬದಿದ್ದರೆ ಮನೆಯಲ್ಲಿ ನನ್ನ ಹೆಂಡತಿ ನನ್ನೊಂದಿಗೆ ಮಾತಾಡುವುದಿಲ್ಲ. ಆಗಲೇ ಮೂರು ದಿನವಾಗಿತ್ತು.

ನಾನು ಥಿಯೇಟರಿನಲ್ಲಿ ಆಪರೇಟರು. ತಿಂಗಳ ಹಿಂದೆ ನಮ್ಮಲ್ಲಿಗೆ ಒಂದು ಒಳ್ಳೆಯ ಸಂದೇಶದ ಸಿನಿಮಾ ಬಂತು. ಒಬ್ಬ ಸಿಡುಕ ಗಂಡ. ಹದಿಮೂರನೇ ರೀಲಿನಲ್ಲಿ ಊಟದ ತಟ್ಟೆ ಎಸೆದು ಮನೆ ಬಿಟ್ಟು ಹೋಗುತ್ತಾನೆ. ಹದಿನಾಲ್ಕನೆಯದರಲ್ಲಿ ವಾಪಸ್ಸು ಬಂದು, ಅದೇ ತಟ್ಟೆ ತೊಳೆದು, ಹೆಂಡತಿಗೆ ತಾನೇ ಬಡಿಸುತ್ತಾನೆ. ಶುಭಂ. ಜನ ಎಷ್ಟು ಅತ್ತರೆಂದರೆ, ಪ್ರತಿ ಆಟವಾದ ಮೇಲೆ ಗೇಟಿನವನು ನೆಲ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದ.

ನನ್ನ ಹೆಂಡತಿ, ಅವಳ ತಂಗಿ, ಈ ಷಡ್ಡಕ, ಮೂವರೂ ಮೊದಲ ವಾರವೇ ನೋಡಿದರು. ಇವನೂ ಹುಟ್ಟಾ ಸಿಡುಕ. ಆದರೆ ಮರುದಿನದಿಂದ ಮನುಷ್ಯನೇ ಬೇರೆ. ಪಾತ್ರೆ ತೊಳೆದ. ಹೆಂಡತಿಗೆ ಕಾಲುನೋವೆಂದರೆ ಎಣ್ಣೆ ಬಿಸಿ ಮಾಡಿದ. ನಮ್ಮ ಥಿಯೇಟರಿಗೆ ಬಂದು, ಯಾರೂ ಕೇಳದೆ, ಹರಿದ ಸೀಟು ಹೊಲಿದುಕೊಟ್ಟು ಹೋದ. ಸಿನಿಮಾ ನೋಡಿ ಅತ್ತಾಗ ನನ್ನ ಹೆಂಡತಿಗೂ ಕರವಸ್ತ್ರ ಕೊಟ್ಟಿದ್ದನಂತೆ. ಅವಳು ಅದನ್ನು ಒಗೆದು, ಇಸ್ತ್ರಿ ಹಾಕಿ, ನಾಲ್ಕು ಮಡಿಕೆ ಮಾಡಿ ಇಟ್ಟಳು. ನನ್ನ ಅಂಗಿಗೆ ಇಸ್ತ್ರಿ ಕಂಡು ವರ್ಷವಾಗಿತ್ತು.

“ಅವನು ಒಂದೇ ಸಲ ನೋಡಿ ಬದಲಾದ,” ಅಂದಳು. “ನೀವು ದಿನಕ್ಕೆ ನಾಲ್ಕು ಸಲ ನೋಡ್ತೀರಿ.”

“ನಾನು ನೋಡೋದಲ್ಲ ಕಣೇ, ಓಡಿಸೋದು.”

ಅದು ಅವಳಿಗೆ ಅರ್ಥವಾಗಲಿಲ್ಲ. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದು ಕಂಡೊಡನೆ ಎರಡನೇ ಮಷೀನು ಶುರು ಮಾಡಬೇಕು. ಇಪ್ಪತ್ತಾರು ವರ್ಷದಿಂದ ನಾನು ನೋಡಿರುವುದು ಆ ಮೂಲೆಯೊಂದೇ. ದೊಡ್ಡ ದೊಡ್ಡ ನಾಯಕರೆಲ್ಲ ನನಗೆ ಗೊತ್ತು, ಕಿವಿಯಿಂದ. ಎದುರಿಗೆ ಸಿಕ್ಕರೆ ಗುರುತು ಹಿಡಿಯಲಾರೆ. ಹೆಂಡತಿಯ ಪಕ್ಕ ಕೂತು ಒಂದು ಸಿನಿಮಾ ನೋಡಿದವನಲ್ಲ ನಾನು.

ಹೋದ ಭಾನುವಾರ ಮೂವರೂ ಮತ್ತೆ ಬಂದರು. ಮಧ್ಯಂತರಕ್ಕೆ ಮುಂಚೆ ಕಿಂಡಿಯಿಂದ ಇಣುಕಿದೆ. ನನ್ನ ಹೆಂಡತಿ, ಪಕ್ಕದಲ್ಲೊಂದು ಖಾಲಿ ಸೀಟು. ಈ ಕಡೆ ನಾದಿನಿ, ಅವಳ ಭುಜದ ಮೇಲೆ ಷಡ್ಡಕನ ತಲೆ. ಮೂವತ್ತು ದಾಟಿದ ಗಂಡಸು, ತುಂಬಿದ ಥಿಯೇಟರಿನಲ್ಲಿ! ನನ್ನ ಹೆಂಡತಿ ಪರದೆ ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದಳು.

ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿಗೆ ರೀಲು ಹತ್ತಿಕೊಳ್ಳದಿದ್ದದ್ದೇ ಪುಣ್ಯ.

ಹದಿನಾಲ್ಕನೇ ರೀಲು ಮೊದಲು ಹಾಕಿದೆ, ಹದಿಮೂರು ಆಮೇಲೆ. ಗಂಡ ತಟ್ಟೆ ತೊಳೆದ, ಬಡಿಸಿದ, ಶುಭಂ ಬಂತು. ಜನ ಕಣ್ಣೊರೆಸಿಕೊಂಡು ಎದ್ದರು. ಅಷ್ಟರಲ್ಲಿ ಅವನು ತಟ್ಟೆ ಎಸೆದ. ಎದ್ದವರು ಹಾಗೇ ಕೂತರು. ಹೆಂಡತಿಯನ್ನು ಬೈದು, ಬಾಗಿಲು ದಡಾರನೆ ಹಾಕಿಕೊಂಡು ಹೋದ. ದೀಪ ಹತ್ತಿಸಿಬಿಟ್ಟೆ.

ಅವತ್ತು ಸಂಜೆಯೇ ಷಡ್ಡಕ ಮನೆಯಲ್ಲಿ ಕಾಲು ಚಾಚಿ ಕೂತು “ನೀರು ತಾ” ಅಂತ ಕೂಗಿದನಂತೆ. ನನಗೆ ಆ ರಾತ್ರಿ ಎಂಥ ನಿದ್ದೆ!

ಮರುದಿನ ನಾದಿನಿ ನಮ್ಮ ಅಡುಗೆಮನೆಗೆ ಬಂದು ಕೂತಳು. ಈರುಳ್ಳಿ ಹೆಚ್ಚಿದಳು, ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದಳು. ಅವಳು ಹೋದಮೇಲೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು.

“ಶುಭಂ ಆದಮೇಲೆ ತಟ್ಟೆ ಯಾಕೆ ಎಸೆದ?”

ನಾನು ಚಾವಣಿ ನೋಡಿದೆ.

“ಹೋಗಿ ಅವನಿಗೆ ಹೇಳಿ ಬನ್ನಿ. ಅಲ್ಲೀವರೆಗೂ ನನ್ನ ಹತ್ರ ಮಾತಿಲ್ಲ.”

“ನನ್ನ ಮಾತು ಯಾರು ನಂಬ್ತಾರೆ?”

“ಅದು ನಿಮ್ಮ ಹಣೆಬರಹ.”

ಇಷ್ಟನ್ನೂ ಷಡ್ಡಕನಿಗೆ ಹೇಳಿದೆ, ಕರವಸ್ತ್ರದ ಇಸ್ತ್ರಿಯೊಂದನ್ನು ಬಿಟ್ಟು. ಅವನು ದಾರ ಕಚ್ಚಿ ತುಂಡು ಮಾಡಿದ.

“ರೀಲು ಅದಲು ಬದಲಾಯ್ತಾ? ನಂಗೊತ್ತೇ ಇಲ್ಲ ಭಾವ. ಮಧ್ಯಂತರಕ್ಕೆ ಮುಂಚೇನೇ ನಿದ್ದೆ ಹೊಡೆದ್ಬಿಟ್ಟೆ. ಜನ ಹೊರಡೋವಾಗ ಅವಳು ತಿವಿದು ಎಬ್ಬಿಸಿದ್ಲು. ತಲೆ ಕೆಟ್ಟುಹೋಯ್ತು.”

“ಭುಜದ ಮೇಲೆ ತಲೆ ಇಟ್ಟಿದ್ದೆಯಲ್ಲ?”

“ನಿದ್ದೇಲಿ ಎಲ್ಲಿಟ್ನೋ.”

“ಮತ್ತೆ ಮೊದಲ್ನೇ ಸಲ? ಅವತ್ತು ಸಿನಿಮಾ ನೋಡಿ ತಾನೇ ಬದಲಾಗಿದ್ದು?”

ಅವನು ಮೊದಲ ಬಾರಿಗೆ ದಬ್ಬಣ ಕೆಳಗಿಟ್ಟ.

“ಎಲ್ಲಿ ನೋಡ್ದೆ? ಆಮೇಲೆ ನಾನೇ ಬಂದು ಹೊಲಿದ್ನಲ್ಲ, ಆ ದರಿದ್ರ ಸೀಟಿನ ಸ್ಪ್ರಿಂಗು ಮೇಲೆದ್ದಿತ್ತು. ನೆಟ್ಟಗೆ ಕೂತ್ರೆ ಚುಚ್ಚೋದು. ಪೂರ್ತಿ ಪಕ್ಕಕ್ಕೆ ತಿರುಗಿ ಕೂತೆ. ಎರಡೂವರೆ ಗಂಟೆ ನಿಮ್ಮ ನಾದಿನಿ ಮುಖಾನೇ ನೋಡಿದ್ದು. ನಗ್ತಾಳೆ, ಅಳ್ತಾಳೆ, ಹೆದರ್ತಾಳೆ...” ತೊಡೆಯ ಮೇಲಿನ ರೆಕ್ಸಿನ್ನಿನ ಸುಕ್ಕು ಸವರಿದ. “ಮದುವೆಯಾಗಿ ಒಂಬತ್ತು ವರ್ಷ ಆಯ್ತು ಭಾವ. ಅವಳ ಗದ್ದದ ಕೆಳಗೆ ಒಂದು ಮಚ್ಚೆ ಇದೆ ಅಂತ ಅವತ್ತು ಗೊತ್ತಾಯ್ತು.”

ಅಂಗಡಿಯ ಹಿಂದೆಯೇ ಅವರ ಮನೆ. ತೆರೆದ ಬಾಗಿಲಿನಾಚೆ ನಾದಿನಿ ಒದ್ದೆ ಬಟ್ಟೆಯ ಬಕೆಟ್ಟು ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು ನಿಂತಳು. ಷಡ್ಡಕ ಅತ್ತ ನೋಡುತ್ತಿದ್ದ.

“ಹಾಗಲ್ಲ ಕಣಯ್ಯ,” ಅಂದೆ. “ಸಿನಿಮಾದ ಗುಣ ಇಲ್ದೆ ಬರೀ ಸ್ಪ್ರಿಂಗಿಂದ ಯಾರಾದ್ರೂ ಬದಲಾಗ್ತಾರಾ? ನೀನು ಇನ್ನೊಂದ್ಸಲ ಬಾ. ಈ ಸಲ ಹದಿಮೂರನೇ ರೀಲನ್ನ ನಾನೇ ಖುದ್ದಾಗಿ—”

ಅವನು ರೆಕ್ಸಿನ್ ಕೊಡವಿ ಎದ್ದು ಒಳಗೆ ಹೋದ.

ಅವನು ಕೂತಿದ್ದ ಜಾಗದ ಪಕ್ಕದಲ್ಲಿ, ಹಳೆಯ ಸೀಟುಗಳಿಂದ ಕಿತ್ತ ಸ್ಪ್ರಿಂಗುಗಳ ರಾಶಿಯಿತ್ತು. ನನ್ನ ಹೆಂಡತಿಯ ಪಕ್ಕದ ಆ ಖಾಲಿ ಸೀಟು ನೆನಪಾಗಿ, ತುಕ್ಕು ಹಿಡಿಯದ, ಮೊನೆ ಚೆನ್ನಾಗಿರುವ ಒಂದನ್ನು ಆರಿಸಿ, ಜೇಬಿಗೆ ಹಾಕಿಕೊಂಡೆ.