ಪುಟ್ಟಯ್ಯನ ಒಲೆ

ಬಸುರಿಯ ಬಯಕೆ ಎಂದರೆ ಮಾವಿನಕಾಯಿ, ಹುಣಸೆಕಾಯಿ, ಹೆಚ್ಚೆಂದರೆ ಸುಟ್ಟ ಮಣ್ಣು. ಸಣ್ಣತಾಯಮ್ಮನ ಬಯಕೆ ಯಾರೂ ಕೇಳಿರದಂಥದ್ದು. ಚಿಕ್ಕಂದಿನಲ್ಲಿ ಅಪ್ಪನ ಎತ್ತಿನ ಗಾಡಿಯಲ್ಲಿ ಹೋಗುವಾಗ ಸೀಗೂರು ಘಾಟಿಯ ದಾರಿಬದಿಯಲ್ಲಿ ಕೂತು ಉಣ್ಣುತ್ತಿದ್ದ ಮುದ್ದೆ ಬೇಕು, ಅದೂ ಅದೇ ಮೂರು ಕಲ್ಲಿನ ಮೇಲೆ ಬೆಂದದ್ದೇ ಬೇಕು ಎಂದು ಹಟ ಹಿಡಿದಳು. ಇಲ್ಲ ಅನ್ನುವ ಧೈರ್ಯ ಅವಳ ತಾಯಿ ಲಿಂಗಾಜಮ್ಮನಿಗೆ ಎಲ್ಲಿಂದ ಬರಬೇಕು? ಮಗಳಿಗೆ ಎರಡು ಬಸುರು ನಿಲ್ಲದೆ ಹೋಗಿದ್ದವು. ಮೂರನೆಯದಾದರೂ ಕೈಗೆ ಹತ್ತಲಿ ಎಂದು ಆಕೆ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು ಕೂತಿದ್ದಳು.

ಅಳಿಯ ಗುರುಮಲ್ಲಪ್ಪ ಊಟಿಯ ಸಾಹುಕಾರರೊಬ್ಬರ ಲಾರಿ ಓಡಿಸುತ್ತಿದ್ದ. ಘಾಟಿಯ ಬುಡದ ಮಾವನಲ್ಲ ಎಂಬ ಊರಿನಲ್ಲಿ ಹುಣಸೆಹಣ್ಣು ಹೇರಿಕೊಂಡು ಹೊರಟ ದಿನ ಅತ್ತೆಯನ್ನೂ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ದಾರಿಯಲ್ಲಿ ಬಯಕೆ ತೀರಿಸುವುದು, ಊಟಿಯಲ್ಲಿ ಸೀಮಂತಕ್ಕೆ ಬಳೆ ತರುವುದು, ಎರಡು ಕೆಲಸ ಒಂದೇ ಸಲ ಆಗುತ್ತಿತ್ತು.

ಲಿಂಗಾಜಮ್ಮನಿಗೆ ಮಗಳಿಗಿಂತ ಹೆಚ್ಚು ಖುಷಿ. ತೀರಿಹೋದ ಗಂಡ ಪುಟ್ಟಯ್ಯ ಆ ಘಾಟಿಯಲ್ಲೇ ಗಾಡಿ ಹೊಡೆದು ಮುದುಕನಾದವನು. ಹಳ್ಳದ ಪಕ್ಕದ ತಿರುವಿನಲ್ಲಿ, ನೇರಳೆ ಮರದ ಕೆಳಗೆ ಮೂರು ಕಲ್ಲು ಹೂಡಿದವನೂ ಅವನೇ. ಗಾಡಿಯವರೆಲ್ಲ ಅದನ್ನು ಪುಟ್ಟಯ್ಯನ ಒಲೆ ಎಂದೇ ಕರೆಯುತ್ತಿದ್ದರು. ಆ ಕಾಲದಲ್ಲಿ ಬೆಂಕಿಗೆ ಯಾರು ಹೆದರುತ್ತಿದ್ದರು ಹೇಳಿ! ಗಾಡಿಯ ಅಚ್ಚಿಗೆ ಕೆಂಡದ ಮಡಕೆ ನೇತುಹಾಕಿ, ಮೇಲೆ ಒಣಹುಲ್ಲು ಹೇರಿ, ಅದರ ಮೇಲೆ ಬೀಡಿ ಸೇದುತ್ತ ನಿದ್ದೆ ಹೋಗುತ್ತಿದ್ದ ಜನ ಅವರು. ಒಮ್ಮೆ ಪುಟ್ಟಯ್ಯನ ರುಮಾಲಿಗೇ ಕಿಡಿ ತಾಗಿ ಹೊಗೆಯಾಡಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರೇ ವಿನಾ ಯಾರೂ ಏಳಲಿಲ್ಲ.

ಅವರಿಗಿದ್ದದ್ದು ಒಂದೇ ಕಟ್ಟಳೆ. ಅನ್ನ ಬೇಯಿಸಿದ ಬೆಂಕಿಗೆ ನೀರು ಹಾಕಬಾರದು. ಕೆಂಡದ ಮೇಲೆ ಬೂದಿ ಹೊದಿಸಿ, ಒಲೆಗೆ ದಪ್ಪನೆಯ ಕೊರಡೊಂದನ್ನು ಒಡ್ಡಿ ಹೋಗಬೇಕು. ಹಿಂದೆ ಬರುವ ಗಾಡಿಯವನು ಬೂದಿ ಕೆದಕಿ ಊದಿದರೆ ಅವನ ಅಡಿಗೆಯೂ ಆಯಿತು. ಮೇಲೆ ಗುಡ್ಡದಲ್ಲಿದ್ದ ಬಡಗ ಜನರ ಹಟ್ಟಿಯಿಂದ ಹಾಲಿ ಎಂಬ ಹೆಂಗಸು ಮಡಕೆ ಚೂರು ಹಿಡಿದು ಕೆಂಡ ಒಯ್ಯಲು ಇಳಿದು ಬರುತ್ತಿದ್ದಳು. ಕೆಂಡದ ಜೊತೆಗೆ ಕೆಳಗಿನ ಊರುಗಳ ಸುದ್ದಿಯೂ ಸಿಗುತ್ತಿತ್ತು. ಲಿಂಗಾಜಮ್ಮನಿಗೂ ಅವಳಿಗೂ ಗೆಳೆತನ ಬೆಳೆದದ್ದು ಹಾಗೆ.

ಲಾರಿ ನಿಂತಾಗ ಮೂರು ಕಲ್ಲು ಕಾಣಲೇ ಇಲ್ಲ. ಎದೆಮಟ್ಟ ಬೆಳೆದ ಹುಲ್ಲು ಶಿವರಾತ್ರಿ ತಿಂಗಳ ಬಿಸಿಲಿಗೆ ಒಣಗಿ ನಿಂತಿತ್ತು. ಲಿಂಗಾಜಮ್ಮ ಸೀರೆ ಎತ್ತಿಕಟ್ಟಿ, ಅಡಿಗೆಗೆ ಬೇಕಾದಷ್ಟೇ ಜಾಗದ ಹುಲ್ಲು ಕಿತ್ತು ಒಲೆ ಹುಡುಕಿದಳು. ಮುದ್ದೆ ಬೆಂದಿತು, ಹುರುಳಿಕಾಳಿನ ಸಾರು ಕುದಿಯಿತು. ಮಗಳು ಬಯಸಿ ಬಯಸಿ ಉಂಡಳು. ನೋಡುತ್ತ ಕೂತ ತಾಯಿಗೆ ಗಂಡ ಅಲ್ಲೇ ಎಲ್ಲೋ ಎತ್ತಿಗೆ ನೀರು ಕುಡಿಸುತ್ತಿದ್ದಾನೆ ಅನ್ನಿಸಿ ಕಣ್ಣು ತುಂಬಿ ಬಂತು.

ಗುರುಮಲ್ಲಪ್ಪ ಲಾರಿಗೆಂದು ಸೀಮೆಎಣ್ಣೆಯ ಖಾಲಿ ಡಬ್ಬದಲ್ಲಿ ಹಳ್ಳದ ನೀರು ತುಂಬಿ ತಂದಿದ್ದ.

“ಅತ್ತೆಮ್ಮ, ಒಲೆಗೆ ಒಂದೀಟು ಹುಯ್ದುಬುಡ್ಲಾ? ಹುಲ್ಲೆಲ್ಲ ಒಣಗ್ಯದೆ.”

“ಆ ನೀರ ನಿಮ್ಮ ಲಾರಿಗೆ ಕುಡಿಸಿ, ಅಳಿಯಂದ್ರೇ. ನಿಮ್ಮ ಮಾವ ಜೀವಮಾನವೆಲ್ಲ ಇಲ್ಲಿ ಬೆಂಕಿ ಮಡಗಿ ಹೋದ್ರು. ಒಂದು ಕಡ್ಡಿನಾದ್ರೂ ಸುಟ್ಟಿತ್ತಾ?”

“ಆಗ ಹಿಂದೆ ಗಾಡಿ ಬತ್ತಿದ್ದೊ. ಈಗ ಯಾರು ಬಂದಾರು?”

“ಬಂದೇ ಬತ್ತಾರೆ. ಬಸುರಿ ಉಂಡ ಒಲೆಗೆ ನೀರ ಹುಯ್ದು ಅಪಶಕುನ ಮಾಡ್‌ಬ್ಯಾಡಿ.”

ಅಪಶಕುನ ಎಂದ ಮೇಲೆ ಅಳಿಯ ತುಂಬಿದ ಡಬ್ಬವನ್ನು ಹಾಗೇ ಲಾರಿಗೆ ಏರಿಸಿದ. ಆಕೆ ಬೂದಿ ಹೊದಿಸಿ, ಕೊರಡು ಒಡ್ಡಿ, ಕೈ ಮುಗಿದು ಲಾರಿ ಹತ್ತಿದಳು.

ಮೇಲಿನ ತಿರುವುಗಳಲ್ಲಿ ಸಣ್ಣತಾಯಮ್ಮ ಉಂಡದ್ದನ್ನೆಲ್ಲ ಕಕ್ಕಿದಳು. ಮುಖ ಬಿಳುಚಿಕೊಂಡಿತು. ಲಿಂಗಾಜಮ್ಮನ ಜೀವ ಬಾಯಿಗೆ ಬಂತು. ಈ ಸ್ಥಿತಿಯಲ್ಲಿ ಊಟಿಯವರೆಗೆ ಕುಲುಕಿಸಿಕೊಂಡು ಹೋಗುವುದು ಬೇಡವೆಂದು ಹಟ್ಟಿಯ ಹತ್ತಿರ ಲಾರಿ ನಿಲ್ಲಿಸಿ, ಹಾಲಿಯ ಮನೆಯಲ್ಲಿ ಮಲಗಿಸಿದರು.

“ನೀ ಹೋಗಿ ಬಾ ಅಕ್ಕ,” ಎಂದಳು ಹಾಲಿ. “ಮಗು ಇಲ್ಲೇ ಒರಗಲಿ. ನಾ ಇಲ್ವಾ?”

“ಪುಟ್ಟಯ್ಯನ ಒಲೆಲಿ ಅಡಿಗೆ ಮಾಡ್ದೆ ಕನವ್ವ ಹಾಲಿ. ಮೊದಲಿನಂಗೆ ಬೆಂಕಿ ಮಡಗಿ ಬಂದಿವ್ನಿ.”

ಹಾಲಿಯ ಬೊಚ್ಚುಬಾಯಿ ಅರಳಿತು. “ಕೆಂಡ ಇದ್ದಾತಾ ಇನ್ನೂ?”

“ಸಂಜೆಗಂಟ ಇರ್ತದೆ,” ಎಂದಳು ಲಿಂಗಾಜಮ್ಮ ಹೆಮ್ಮೆಯಿಂದ.

ಊಟಿಯ ಮಾರ್ಕೆಟ್ಟಿನಲ್ಲಿ ಹಸಿರು ಬಳೆ ಆರಿಸುತ್ತಿದ್ದಾಗ ಬಳೆಯ ಚೆಟ್ಟಿ ಉತ್ತರದ ಕಡೆ ಕೈ ತೋರಿಸಿ, ಸೀಗೂರು ಪಕ್ಕ ಹೊಗೆ ನೋಡಿದಿರಾಮ್ಮ ಎಂದ. ಲಿಂಗಾಜಮ್ಮ ತಲೆ ಎತ್ತಿ ನೋಡಿ, ದನ ಮೇಯಿಸುವವರು ಚಿಗುರು ಬರಲಿ ಅಂತ ಹುಲ್ಲು ಸುಡುತ್ತಿರಬೇಕು ಎಂದಳು. ಅಷ್ಟಕ್ಕೇ ಬಿಟ್ಟಳೇ? ಹಿಂದೊಮ್ಮೆ ಆನೆ ಓಡಿಸಲು ಹೋಗಿ ಗಂಡ ಅರ್ಧ ಗುಡ್ಡಕ್ಕೇ ಬೆಂಕಿ ಹಚ್ಚಿದ್ದ ಕತೆ ಹೇಳಿ ಚೆಟ್ಟಿಯನ್ನೂ ನಗಿಸಿದಳು. ಬಳೆ ಕಟ್ಟಿಸಿಕೊಂಡು, ದಾಳಿಂಬೆ ಕೊಂಡು, ಆರಾಮವಾಗಿ ಲಾರಿ ಹತ್ತಿದಳು.

ಘಾಟಿಯ ತಲೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕೆಳಗೆ ನೋಡಿದ ಗುರುಮಲ್ಲಪ್ಪ ಲಾರಿ ನಿಲ್ಲಿಸಿದ. ಹಳ್ಳದ ತಿರುವಿನಿಂದ ಹಟ್ಟಿಯ ಬೇಲಿಯವರೆಗೆ ಗುಡ್ಡದ ಮೈ ಕಪ್ಪಾಗಿತ್ತು. ಕೆಳಗೆ ಚೂಪಾಗಿ ಶುರುವಾದ ಕಪ್ಪು, ಗಾಳಿ ಏರಿದಂತೆ ಅಗಲವಾಗುತ್ತ ಮೇಲೆ ಹತ್ತಿತ್ತು. ಶುರುವಾದ ಜಾಗದಲ್ಲಿ ನೇರಳೆ ಮರ ಹೊಗೆಯಾಡುತ್ತಿತ್ತು.

ಗಾಡಿಗಳ ಕಾಲದಲ್ಲಿ ಒಲೆಯ ಸುತ್ತ ಹುಲ್ಲೇ ಇರುತ್ತಿರಲಿಲ್ಲ ಎಂಬುದು ಲಿಂಗಾಜಮ್ಮನಿಗೆ ಈಗ ಹೊಳೆಯಿತು. ಕಟ್ಟಿದ ಎತ್ತುಗಳು ಮೇದು, ತುಳಿದು, ನೆಲ ಬೋಳು ಮಾಡಿರುತ್ತಿದ್ದವು. ಗಾಡಿಗಳ ಓಡಾಟ ನಿಂತಿತು, ಎತ್ತು ಹೋದವು, ಹುಲ್ಲು ಬಂತು. ಬೆಳಿಗ್ಗೆ ಆ ಹುಲ್ಲನ್ನು ತನ್ನ ಕೈಯಾರೆ ಕಿತ್ತಿದ್ದಳು, ಆದರೂ ಬುದ್ಧಿ ಬರಲಿಲ್ಲ.

“ನನ್ನ ಮಗಳ ನಾನೇ ಸುಟ್ಬುಟ್ನಲ್ಲಪ್ಪಾ,” ಎಂದಳು. ಗುರುಮಲ್ಲಪ್ಪ ಲಾರಿ ಬಿಟ್ಟ.

ಹಟ್ಟಿಯ ಜನ ದನ, ಪಾತ್ರೆ, ಮಕ್ಕಳ ಸಮೇತ ರಸ್ತೆಗೆ ಬಂದು ನಿಂತಿದ್ದರು. ಗಂಡಸರು ಹಸಿ ಸೊಪ್ಪಿನಿಂದ ಬಡಿದು ಬೇಲಿಯ ಹತ್ತಿರ ಬೆಂಕಿ ನಿಲ್ಲಿಸಿದ್ದರು. ಮನೆಗಳು ಉಳಿದಿದ್ದವು. ಆ ಗುಂಪಿನ ಆಚೆ, ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತವಳು ಸಣ್ಣತಾಯಮ್ಮ. ಲಿಂಗಾಜಮ್ಮ ಓಡಿಹೋಗಿ ಅವಳ ಮುಖ, ತೋಳು, ಹೊಟ್ಟೆ ಎಲ್ಲ ತಡವಿ ನೋಡಿದಳು.

“ನಂಗೇನೂ ಆಗಿಲ್ಲ ಕನವ್ವ. ಕೂಸು ಒದೀತಾ ಅದೆ.”

ತಾಯಿ ಅಲ್ಲೇ ಕುಸಿದು ಕೂತು, ಹಣೆ ನೆಲಕ್ಕೆ ಹಚ್ಚಿ ಅತ್ತಳು. ಅತ್ತು ಮುಗಿದ ಮೇಲೆ ಸುತ್ತ ನೋಡಿದಳು.

“ಹಾಲಿ ಎಲ್ಲವ್ವ?”

ಮಗಳು ಕೆಳಗೆ ನೋಡುತ್ತಲೇ ಹೇಳಿದಳು. “ಮಧ್ಯಾನ ಒಂಚೂರು ಹೊಗೆ ಕಾಣ್ತು. ನಿಮ್ಮಪ್ಪನ ಒಲೆ ಹೊಗೆ, ಗಾಡಿಯವರು ಬಂದವ್ರೆ ಅಂದ್ಳು. ಆ ಕೆಂಡ ತಂದು ನಂಗೆ ಗಂಜಿ ಕಾಯಿಸಿಕೊಡ್ತೀನಿ ಅಂತ ಇಳಿದು ಹೋದ್ಳು.”

ಅಷ್ಟರಲ್ಲಿ ಹಟ್ಟಿಯ ಭೋಜನ್ ಮತ್ತು ಇಬ್ಬರು ಗಂಡಸರು ಸುಟ್ಟ ಗುಡ್ಡ ಹತ್ತಿ ಬಂದರು. ಕಂಬಳಿಯಲ್ಲಿ ಹೊತ್ತು ತಂದದ್ದನ್ನು ಮೆಲ್ಲಗೆ ರಸ್ತೆಯಂಚಿನಲ್ಲಿ ಇಳಿಸಿದರು. ಕಂಬಳಿ ಮುಖವನ್ನು ಮುಚ್ಚಿತ್ತು. ಹೊರಗೆ ಉಳಿದಿದ್ದ ಒಂದು ಕೈ ಮಡಕೆ ಚೂರನ್ನು ಬಿಟ್ಟಿರಲಿಲ್ಲ. ಹೆಂಗಸರು ಗೋಳಾಡತೊಡಗಿದರು.

“ಊಟಿಗೆ ಹೋಗ್ತಾ ದಾರಿ ಬದೀಲಿ ಕೂತು ತಿನ್ನೋ ದೊರೆಗಳು ಯಾರೋ ಕಿಚ್ಚು ಬಿಟ್ಟು ಹೋಗ್ಯವ್ರೆ,” ಎಂದ ಭೋಜನ್ ಮುಖ ಒರೆಸಿಕೊಳ್ಳುತ್ತ. “ಅವರಿಗೆ ಭಯ ಎಲ್ಲಿದೆ.”

“ದೊರೆಗಳಲ್ಲ ಕನಪ್ಪ,” ಎಂದಳು ಲಿಂಗಾಜಮ್ಮ. “ನಾನು.”

ಯಾರೂ ಬೈಯಲಿಲ್ಲ, ಎಲ್ಲರೂ ಆಕೆಯನ್ನೇ ನೋಡಿದರು. ಆಕೆ ಲಾರಿಯ ಹತ್ತಿರ ಹೋಗಿ ನೀರಿನ ಡಬ್ಬ ಇಳಿಸಿಕೊಂಡಳು. ಅಳಿಯ ಕೈ ಚಾಚಿದರೂ ಕೊಡಲಿಲ್ಲ. ಸೊಂಟಕ್ಕೆ ಇಟ್ಟುಕೊಂಡು, ಬಿಸಿ ಬೂದಿಯಲ್ಲಿ ಬರಿಗಾಲಿನಲ್ಲಿ ಇಳಿದಳು.

ಗುಡ್ಡವೆಲ್ಲ ಸುಟ್ಟು ತಣ್ಣಗಾಗುತ್ತ ಬಂದಿತ್ತು. ಮೂರು ಕಲ್ಲಿನ ನಡುವೆ ಮಾತ್ರ ಬೆಳಿಗ್ಗೆ ಒಡ್ಡಿದ ಕೊರಡು ಇನ್ನೂ ಕೆಂಪಗೆ ಉರಿಯುತ್ತಿತ್ತು. ಲಿಂಗಾಜಮ್ಮ ಡಬ್ಬ ಬೋರಲು ಹಾಕಿದಳು. ಕೊರಡು ಬುಸ್ಸೆಂದಿತು, ಕಲ್ಲೊಂದು ಸಿಡಿದು ಎರಡಾಯಿತು.