ಮಂದಿಗೆ ಬಿಟ್ಟ ಜಾಗ

“ಬಾಯಿ ಮುಚಗೊಂಡ ಕುಂದ್ರಾಕ ನಿನಗ ಏನ ತ್ರಾಸ ಐತಿ, ಆಯಿ? ಮೂರನೇ ಸಲಾ ಇದು. ಬೇಕಂತನ ಮಾಡಾಕತ್ತಿ ನೀ.”

ಕಾಜಲ ಓಢಣಿಯನ್ನು ಕಿತ್ತು ಮಂಚದ ಮೇಲೆ ಎಸೆದಳು. ಅವಳ ತಾಯಿ ಮಂಗಲ ಅಡಿಗೆಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದಳು.

“ಬೇಕಂತ ಯಾರ ಮಾಡ್ಯಾರ? ನೀ ಹಾಡಿ ನಿಂತಿ, ನನ್ನ ಬಾಯಾಗ ಬಂತು. ಆ ಹಿಂದಿ ಹಾಡಿನ ಅರ್ಥನೂ ನನಗ ಗೊತ್ತಿಲ್ಲ.”

“ಅರ್ಥ ಗೊತ್ತಿಲ್ಲಂದ್ರ ಯಾಕ ಹಾಡತಿ?”

“ವಾರಗಟ್ಟಲೆ ಅದನ್ನ ಕೇಳಿ ಕೇಳಿ ಹಿತ್ತಲದಾಗಿನ ಎಮ್ಮಿನೂ ಕಲತೈತಿ. ಅದಕ್ಕ ಬೈ ಹೋಗ.”

ಕಿಟಕಿಯ ಹತ್ತಿರ ಮೊಬೈಲು ಹಿಡಿದು ಕೂತಿದ್ದ ಅಣ್ಣ ಸಮ್ಮೇದ ನಕ್ಕುಬಿಟ್ಟ. ನಗಬಾರದಿತ್ತು.

“ನಗ, ನಗ. ನಿನಗೂ ಇದು ಬ್ಯಾಡಾಗೈತಿ, ದಾದಾ. ನಾ ಮುಂಬೈಗೆ ಹೋದ್ರ ನಿನ್ನ ಪೂಜಾ ಪಾರ್ಟಿಗೆ ಯಾರ ಹಾಡತಾರ ಅನ್ನೂ ಚಿಂತಿ.”

“ಹೌದ, ಐತಿ ಚಿಂತಿ. ಸುಳ್ಳ ಯಾಕ ಹೇಳಲಿ?”

ಮುಂಬೈಯ ಒಂದು ಕಂಪನಿ ಹುಡುಗಿಯರದೇ ಒಂದು ಪಾಪ್ ತಂಡ ಕಟ್ಟಲು ಹೊರಟಿತ್ತು. ಆಯ್ಕೆಯಾದವರನ್ನು ಎರಡು ವರ್ಷ ಅಲ್ಲೇ ಇಟ್ಟುಕೊಂಡು ಹಾಡು, ಕುಣಿತ ಕಲಿಸುತ್ತಾರೆ. ಅರ್ಜಿಯ ಜೊತೆ ಹಾಡಿದ ವಿಡಿಯೋ ಕಳಿಸಬೇಕು. ವಾದ್ಯ ಇರಬಾರದು, ಬೇರೆಯವರ ದನಿ ಕೇಳಿಸಬಾರದು, ನಡುವೆ ಕತ್ತರಿಸಿ ಜೋಡಿಸಬಾರದು. ಇವತ್ತು ಕೊನೆಯ ದಿನ. ಬೋರಗಾಂವದ ಆ ಓಣಿಯಲ್ಲಿ ಹಗಲು ಹೊತ್ತು ಸದ್ದಿಲ್ಲದೆ ಹಾಡಬೇಕೆಂದರೆ ಕರೆಂಟು ಹೋಗಬೇಕು. ಈಗ ಹೋಗಿತ್ತು. ಪಕ್ಕದ ಭಾವುಸಾಹೇಬರ ಶೆಡ್ಡಿನ ಮಗ್ಗಗಳು ನಿಂತಿದ್ದವು. ಯಾವ ಕ್ಷಣದಲ್ಲಾದರೂ ಮತ್ತೆ ಶುರುವಾಗಬಹುದಿತ್ತು.

ಫೋಟೋ, ಎತ್ತರ, ವಯಸ್ಸಿನ ದಾಖಲೆ ಎಲ್ಲ ಹಾಕಿಯಾಗಿತ್ತು. ಹಾಡಿದ ಅನುಭವ ಏನು ಎಂದು ಕೇಳಿದ್ದಲ್ಲಿ ಕಾಜಲ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಎಂದಷ್ಟೇ ಬರೆದಿದ್ದಳು. ಲಂಗ ಹಾಕುವ ವಯಸ್ಸಿನಿಂದ ಅಣ್ಣನ ಪೂಜಾ ಪಾರ್ಟಿಯಲ್ಲಿ ಊರೂರಿನ ಬಸದಿಗಳಲ್ಲಿ ಹಾಡಿದವಳು ಅವಳು. ಅದನ್ನು ಯಾಕೆ ಬಿಟ್ಟೆ ಎಂದು ಸಮ್ಮೇದ ಬೆಳಿಗ್ಗೆ ಕೇಳಿದ್ದ. “ಪೂಜಾ ಅಂದ್ರ ಅವರು ನಗತಾರ, ದಾದಾ,” ಅಂದಿದ್ದಳು. ಅವನಿಗೆ ಅದು ನಟ್ಟಿತ್ತು.

ಈಗ ಅವನು ಕೆಟ್ಟುಹೋದ ವಿಡಿಯೋವನ್ನು ಮತ್ತೆ ಹಚ್ಚಿ ಕೇಳಿದ. ಇನ್ನೊಮ್ಮೆ ಕೇಳಿದ. ಆಗ ಅವನ ಕಿವಿಗೆ ಬಿತ್ತು.

ಪೂಜೆಯಲ್ಲಿ ಮೂರ್ತಿಯ ಮೇಲೆ ಮೊದಲ ಕಲಶ ಯಾರು ಎರೆಯಬೇಕೆಂದು ಹರಾಜಿನ ಹಾಗೆ ಸವಾಲು ಕೂಗುತ್ತಾರೆ. ಹೆಚ್ಚಿಗೆ ಹಣ ಕೂಗಿದವರಿಗೆ ಆ ಮಾನ. ಸವಾಲು ಏರಬೇಕಾದರೆ ಮಂದಿಗೆ ಹುರುಪು ಬರಬೇಕು. ಅದಕ್ಕೇ ಹಾಡುವವಳು ಒಂದು ಸಾಲು ಹೇಳಿ ತುಸು ನಿಲ್ಲುತ್ತಾಳೆ. ಕೂತವರು ಆ ಸಾಲನ್ನು ಎತ್ತಿಕೊಳ್ಳುತ್ತಾರೆ. ಹಾಗೆ ನಿಲ್ಲುವುದನ್ನು ಕಾಜಲಳಿಗೆ ಸಮ್ಮೇದನೇ ಕಲಿಸಿದ್ದ. ಹಿಂದಿ ಹಾಡಿನಲ್ಲೂ ಅವಳು ಸಾಲು ಸಾಲಿಗೆ ಹಾಗೇ ನಿಂತಿದ್ದಳು. ಮಂಗಲ ತನ್ನ ಪಾಲಿನ ಕೆಲಸ ಮಾಡಿದ್ದಳು, ಅಷ್ಟೆ.

ಹೇಳದೆ ಇದ್ದರೂ ನಡೆಯುತ್ತಿತ್ತು. ತಾಯಿಯನ್ನು ಹಿತ್ತಲಿಗೆ ಕಳಿಸಿ ಇನ್ನೊಂದು ವಿಡಿಯೋ ತೆಗೆದು ಹಾಗೇ ಕಳಿಸಿದರಾಯಿತು. ಮರೆತವಳ ಹಾಗೆ ನಡುನಡುವೆ ನಿಲ್ಲುವ ಹುಡುಗಿಯನ್ನು ಯಾವ ಮುಂಬೈಯವನೂ ಕರೆಯುತ್ತಿರಲಿಲ್ಲ. ಮುಂದಿನ ತಿಂಗಳು ದೊಡ್ಡ ಪಂಚಕಲ್ಯಾಣ ಪೂಜೆಯೊಂದು ಒಪ್ಪಿಕೊಂಡಾಗಿತ್ತು. ತಂಗಿ ಊರಲ್ಲೇ ಉಳಿದರೆ ಅಲ್ಲೂ ಪಕ್ಕದಲ್ಲೇ ನಿಂತು ಹಾಡುತ್ತಿದ್ದಳು. ಸಮ್ಮೇದ ಇದನ್ನೆಲ್ಲ ಯೋಚಿಸಿದ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

“ತಪ್ಪ ಆಯೀದ ಅಲ್ಲ,” ಅಂದ ಕೊನೆಗೆ. “ನೀ ನಿಂದ್ರತಿ.”

“ಎಲ್ಲಿ?”

“ಸಾಲ ಮುಗದಲ್ಲಿ. ಮಂದಿ ಎತ್ತಿಕೊಳ್ಳಲಿ ಅಂತ. ಇದು ಸವಾಲ ಅಲ್ಲ. ಇಲ್ಲಿ ಮಂದಿ ಇಲ್ಲ.”

“ನಾ ಎಲ್ಲೂ ನಿಂತಿಲ್ಲ.”

ಅವನು ಮೊಬೈಲನ್ನು ಅವಳ ಕಿವಿಗೆ ಹಿಡಿದ. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು.

“ಇದನ್ನ ನೀನ ಕಲಿಸಿದಿ.”

“ನಾನ ಕಲಿಸೀನಿ. ನಾನ ಬಿಡಸ್ತೀನಿ. ನಿಂದ್ರ ಅಲ್ಲಿ.”

ಅವಳು ಹಾಡಿದಳು. ಮೊಬೈಲಿನ ಹಿಂದಿನಿಂದ ಅವನು ಪ್ರತಿ ಸಾಲಿನ ಕೊನೆಗೆ ಕೈ ಬೀಸಿ ಮುಂದೆ ತಳ್ಳಿದ. ಎರಡನೆಯ ಸಾಲಿಗೇ ಅವಳು ನಿಂತಳು.

“ಮತ್ತ ನಿಂತಿ. ಎಮ್ಮಿ ನಿನಗಿಂತ ಶ್ಯಾಣೆ ಐತಿ ನೋಡ.”

“ನೀ ಕೈ ಬೀಸಬ್ಯಾಡ. ಅದನ್ನ ನೋಡಿದ್ರ ಬಸದಿನ ನೆನಪಾಗತೈತಿ.”

ಅವನು ಕೈ ಕೆಳಗಿಳಿಸಿದ. ಈ ಸಲ ಅವಳು ಅವನ ಕಡೆ ನೋಡಲಿಲ್ಲ. ಮೊಬೈಲಿನ ಹಿಂಬದಿಯ ಸಣ್ಣ ಗಾಜನ್ನೇ ನೋಡುತ್ತ ಒಂದು ಸಾಲಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ, ಉಸಿರನ್ನು ಕದ್ದು ಎಳೆದುಕೊಂಡು ಹಾಡಿದಳು. ಬಾಗಿಲಲ್ಲಿ ನಿಂತ ಮಂಗಲಳ ತುಟಿ ಒಂದೆರಡು ಸಲ ಅಲುಗಿತು. ಬಾಯಿ ಹಾಕಲು ಅವಳಿಗೆ ಎಲ್ಲೂ ಜಾಗ ಸಿಗಲಿಲ್ಲ. ಹಾಡು ಮುಗಿಯಿತು. ಚೆನ್ನಾಗಿತ್ತು. ಯಾರೋ ಬೇರೆ ಹುಡುಗಿ ಹಾಡಿದಂತಿತ್ತು.

“ಆತು,” ಎಂದು ಸಮ್ಮೇದ ಮೊಬೈಲನ್ನು ಅವಳ ಕೈಗೆ ಕೊಟ್ಟ. “ಇದನ್ನ ಕಳಸ. ಇನ್ನ ಎಲ್ಲೂ ನಿಂದ್ರಬ್ಯಾಡ.”

ಅಷ್ಟರಲ್ಲಿ ಕರೆಂಟು ಬಂತು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಒಂದೊಂದಾಗಿ ಶುರುವಾಗಿ ಗೋಡೆ ನಡುಗತೊಡಗಿತು. ಹೊರಗೆ ಪಾರ್ಟಿಯನ್ನು ಪೂಜೆಗೆ ಒಯ್ಯುವ ಮಲಕಾರಿಯ ಟೆಂಪೋ ಹಾರ್ನ್ ಹೊಡೆಯಿತು. ಸಂಜೆ ಕಾಗವಾಡದ ಕಡೆ ಒಂದು ಪೂಜೆಯಿತ್ತು.

“ದಾದಾ, ಇದು ಹೋಗೂತನಾ ತಡಿ,” ಕಾಜಲ ದನಿಯೇರಿಸಿದಳು. “ಸೀರಿ ಉಟಗೊಂಡ ಬರತೀನಿ.”

“ಹೂಂ.”

ಅವನು ಕೀಬೋರ್ಡನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋದ.

“ಇಬ್ಬರೂ ಉಂಡ ಹೋಗ್ರಿ, ಹೊತ್ತ ಮುಳಗಾಕ ಬಂತು, ಆಮ್ಯಾಲ ಉಣ್ಣಂಗಿಲ್ಲ,” ಎಂದು ಮಂಗಲ ತಾಟುಗಳನ್ನು ತೆಗೆದಳು.

ಕಾಜಲ ಮಂಚದ ತುದಿಯಲ್ಲಿ ಕೂತು ಮೊಬೈಲಿನಲ್ಲಿ ತಿರುಗುವ ಚಕ್ರವನ್ನೇ ನೋಡಿದಳು. ನೆಟ್‌ವರ್ಕ್ ಹೋಗಿ ಬಂದು ಮಾಡಿತು. ಕೊನೆಗೆ ಹಸಿರು ಗುರುತು ಮೂಡಿತು.

“ದಾದಾ, ಹೋತು.”

ಮಗ್ಗಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೆಂದು ಅಂದುಕೊಂಡಳು. ಗಡಿಬಿಡಿಯಲ್ಲಿ ಸೀರೆ ಸುತ್ತಿಕೊಂಡು, ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೊರಗೆ ಬಂದಳು.

ಟೆಂಪೋ ಇರಲಿಲ್ಲ, ಅವಳನ್ನು ಬಿಟ್ಟೇ ಹೋಗಿತ್ತು. ಓಣಿಯ ತಿರುವಿನಲ್ಲಿ ಎದ್ದ ಧೂಳು ಆಗಲೇ ಇಳಿದಿತ್ತು. ಕಟ್ಟೆಯ ಮೇಲೆ, ಅವಳು ಪೂಜೆಯಲ್ಲಿ ಹಿಡಿಯುತ್ತಿದ್ದ ಮೈಕನ್ನು ಅವನು ತೆಗೆದಿಟ್ಟು ಹೋಗಿದ್ದ. ವೈರನ್ನು ಸಿಕ್ಕಾಗದಂತೆ ಸುತ್ತಿ, ಮೇಲೊಂದು ರಬ್ಬರ್ ಹಾಕಿದ್ದ.