ಇನ್ನೂ ಮೆತ್ತಗಾಗಿಲ್ಲ

ತಣ್ಣಗಿದೆ, ಬೆಳಗಿನ ಜಾವದ ಸ್ಟೀರಿಂಗಿನ ಹಾಗೆ, ಅಂಗೈಗೆ ಅಂಟಿಕೊಳ್ಳುವ ಈ ಮಣ್ಣು, ಇಷ್ಟು ವರ್ಷ ಬಸ್ಸು ಓಡಿಸಿದ ಕೈಗೆ ಇದೆಂಥ ಕೆಲಸ ಎಂದು ಡ್ರೈವರಿಗೆ ನಗು ಬರಬೇಕಿತ್ತು, ಬರಲಿಲ್ಲ, ಒಳಕೋಣೆಯ ಮಂಚದಿಂದ ಹೆಂಡತಿಯ ದನಿ — ನಾದಿದ್ರಾ, ಗೇರ್ ಹಾಕೋ ಹಾಗೆ ಜಗ್ಗಬೇಡಿ ಮತ್ತೆ — ನಾದ್ತಾ ಇದೀನಿ ಕಣೇ, ಅವಳು ಕಾಯಿಲೆ ಬಿದ್ದು ಮಲಗಿದಂದಿನಿಂದ ಅವಳ ಮಡಕೆ ಮಾಡೋ ತಿಗರಿ ತಿರುಗಿಲ್ಲ, ಚೀಲದಲ್ಲಿದ್ದ ಮಣ್ಣು ಕಲ್ಲಾಗಿತ್ತು, ಎಸೆದು ಹೊಸದು ತರ್ತೀನಿ ಎಂದರೆ ಕೇಳಲಿಲ್ಲ, ಮಣ್ಣು ಕೆಡಲ್ಲ ಕಣ್ರೀ, ಒಂದೇ ಒಂದು ಲೋಟ, ನಿಮಗೆ ಅಂತ ಮಾಡಿಕೊಡ್ತೀನಿ, ಬರೀ ಊರಿಗೆಲ್ಲ ಮಾಡಿದ್ದಾಯ್ತು, ಆಮೇಲೆ ನೀವು ಹೇಳಿದ ಹಾಗೆ ಸುಮ್ಮನೆ ಮಲಗಿರ್ತೀನಿ, ಅವಳು ಹೇಳಿದ್ದನ್ನೆಲ್ಲ ಅವನು ಮಾಡಿದ, ಪೂರ್ತಿ ಒಣಗಿಸಿ, ಅರೆಹಸಿ ಇದ್ರೆ ನೀರೇ ಕುಡಿಯಲ್ಲ, ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಒಡೆದು, ಬಕೆಟ್ಟಿನ ನೀರಿಗೆ ಸುರಿದು, ಕೈಯಾಡಿಸಬೇಡಿ, ಅದರ ಪಾಡಿಗೆ ಬಿಡಿ, ಗುಳುಗುಳು ಎಂದು ಗುಳ್ಳೆ ಬಿಡುತ್ತ ಹೆಂಟೆಗಳು ಕುಸಿದವು, ಮೇಲಿನ ನೀರು ಬಸಿದು ಹಳೇ ಬೆಡ್‌ಶೀಟಿನ ಮೇಲೆ ಹರಡಿದ, ಹದ ಬಂದಿದೆ, ಮೊನ್ನೆಯೇ ಬಂದಿತ್ತು, ಆದರೂ ಇನ್ನೂ ಮೆತ್ತಗಾಗಿಲ್ಲ ಕಣೇ ಎಂದ, ನಿನ್ನೆಯೂ ಅದನ್ನೇ ಅಂದ, ಯಾಕೆಂದರೆ ಚಮಚ ಅವಳ ಬೆರಳಿನಿಂದ ಜಾರಿದ್ದನ್ನು ನೋಡಿದ್ದ, ಅಯ್ಯೋ ಹಿಡಿದೆ ಅಂದ್ಕೊಂಡೆ, ಎಂದು ಅವಳು ನಕ್ಕಿದ್ದಳು, ಇನ್ನು ಬೆರಳಿಗೆ ಬಲ ಬರಲ್ಲ, ಅವರಿಗೆ ನೀವೇ ಮೆಲ್ಲಗೆ ಹೇಳಿ, ಎಂದಿದ್ದರು ಡಾಕ್ಟರು ವರಾಂಡಕ್ಕೆ ಕರೆದು, ಹೇಳಲು ಹೋಗಿ ನೀರು ಬೇಕಾ ಎಂದು ಕೇಳಿ ಬಂದವನು ಇವನು, ತಾನು ಹೇಳಲಾರದ್ದನ್ನು ಈ ಮಣ್ಣು ಹೇಳಿಬಿಡಬಾರದು, ಇನ್ನೊಂದು ದಿನ, ಇನ್ನೊಂದೇ ದಿನ —

ರೀ, ಒಂಚೂರು ಇಲ್ಲಿ ತನ್ನಿ, ನಾನೇ ನೋಡ್ತೀನಿ. ಮಣ್ಣಿನ ಉಂಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದ, ಅವಳನ್ನು ದಿಂಬಿಗೆ ಒರಗಿಸಿ ಮಡಿಲಲ್ಲಿಟ್ಟ, ಅವಳು ಹೆಬ್ಬೆರಳು ಊರಿದಳು, ಒತ್ತಿದಳು, ತುಟಿ ಕಚ್ಚಿ ಒತ್ತಿದಳು, ಕತ್ತಿನ ನರ ಉಬ್ಬಿತು, ಬೆರಳು ತೆಗೆದಾಗ ಅಲ್ಲಿ ಏನೂ ಮೂಡಿರಲಿಲ್ಲ, ಪಕ್ಕದಲ್ಲೇ, ಎತ್ತಿ ತಂದಾಗ ಬಿದ್ದ ಅವನ ಬೆರಳುಗಳ ಗುಳಿ, ಎಷ್ಟು ಆಳ, ಅವಳು ಅದನ್ನೇ ನೋಡುತ್ತಿದ್ದಾಳೆ, ಬಹಳ ಹೊತ್ತು, ಆಮೇಲೆ, ಅವನ ಮುಖ ನೋಡದೆ — ನೀವು ಹೇಳಿದ್ದೇ ಸರಿ ಕಣ್ರೀ, ಇನ್ನೂ ಗಟ್ಟಿ ಇದೆ, ಒಂದೆರಡು ದಿನ ನೆನೀಲಿ ಬಿಡಿ — ಹೂಂ, ನೆನೀಲಿ, ಎಂದ, ಉಂಡೆ ಎತ್ತಿಕೊಂಡ, ಆ ಗುಳಿಗಳು, ಅವನ ಬೆರಳಿನವು, ಬರೀ ಅವನವು.